ನಿರೀಕ್ಷೆ, ನೆನಪು ಮತ್ತು ಮರುನಿರ್ಮಾಣ: ‘ಆಪ್ತಮಿತ್ರ’ದಿಂದ ‘ಆಪ್ತರಕ್ಷಕ’ದವರೆಗೆ ಒಂದು ವಿವೇಚನೆ

ಪೀಠಿಕೆ

ಕನ್ನಡ ಚಲನಚಿತ್ರವನ್ನು ಕುರಿತ ಚರ್ಚೆಗಳಲ್ಲಿ ‘ರೀಮೇಕ್’ ಎಂಬ ಪದವು ಬಹುಕಾಲದಿಂದ ಒಂದು ಆಪಾದನೆಯ ರೂಪದಲ್ಲಿ ಬಳಕೆಯಾಗುತ್ತ ಬಂದಿದೆ. ಸ್ವಂತ ಕಥೆಯಿಲ್ಲದ ಉದ್ಯಮ, ಸಾಹಸವಿಲ್ಲದ ನಿರ್ಮಾಪಕ, ಎರವಲು ತಂದ ಯಶಸ್ಸು ಎಂಬ ಮಾತುಗಳು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತವೆ. ಈ ಆಪಾದನೆಯಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗದು. ಆದರೆ ಮೂಲಚಿತ್ರವನ್ನೂ ಅದರ ಮರುನಿರ್ಮಾಣವನ್ನೂ ಅಕ್ಕಪಕ್ಕದಲ್ಲಿಟ್ಟು, ಯಾವುದು ಉಳಿಯಿತು, ಯಾವುದು ಬಿಟ್ಟುಹೋಯಿತು ಎಂದು ಪಟ್ಟಿಮಾಡುವ ವಿಮರ್ಶಾಕ್ರಮವು ಒಂದು ಮುಖ್ಯ ಸಂಗತಿಯನ್ನು ಕಡೆಗಣಿಸುತ್ತದೆ. ಹಾಗೆ ಎರಡನ್ನೂ ನೋಡಿ ತೂಗುವವನು ವಿಮರ್ಶಕ. ಚಿತ್ರಮಂದಿರದಲ್ಲಿ ಕುಳಿತ ಬಹುಪಾಲು ಪ್ರೇಕ್ಷಕರು ಮೂಲವನ್ನು ನೋಡಿರುವುದಿಲ್ಲ. ಅವರ ನಿರೀಕ್ಷೆ ಬೇರೆ ನೆಲೆಗಳಿಂದ ರೂಪುಗೊಂಡಿರುತ್ತದೆ.

ಉತ್ತರಭಾಗದ ಚಿತ್ರದ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅದರ ಪ್ರೇಕ್ಷಕ ಹಿಂದಿನ ಚಿತ್ರವನ್ನು ನೋಡಿಯೇ ಬಂದಿರುತ್ತಾನೆ. ಮರುನಿರ್ಮಾಣವು ಪ್ರೇಕ್ಷಕನ ಅಪರಿಚಯವನ್ನೂ, ಉತ್ತರಭಾಗವು ಅವನ ನೆನಪನ್ನೂ ಬಂಡವಾಳವಾಗಿ ಹೊಂದಿರುತ್ತವೆ. ಈ ವ್ಯತ್ಯಾಸವನ್ನು ಒಂದೇ ಕಥಾಮೂಲದ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಫಾಜಿಲ್ ನಿರ್ದೇಶನದ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’ (1993), ಪಿ. ವಾಸು ನಿರ್ದೇಶನದ ಕನ್ನಡದ ‘ಆಪ್ತಮಿತ್ರ’ (2004) ಹಾಗೂ ಅದೇ ನಿರ್ದೇಶಕರ ‘ಆಪ್ತರಕ್ಷಕ’ (2010) ಇಲ್ಲಿನ ಮುಖ್ಯ ಆಕರಗಳು. ಅಗತ್ಯವಿದ್ದೆಡೆ ತಮಿಳು ಮತ್ತು ಹಿಂದಿ ರೂಪಾಂತರಗಳನ್ನು ಗಮನಿಸಲಾಗಿದೆ.

ನಿರೀಕ್ಷೆಯ ಪರಿಕಲ್ಪನೆ

ಯಾವ ಕೃತಿಯನ್ನೂ ಓದುಗ ಬರಿಗೈಯಲ್ಲಿ ಎದುರುಗೊಳ್ಳುವುದಿಲ್ಲ; ಅವನು ಈಗಾಗಲೇ ಓದಿರುವ ಕೃತಿಗಳು, ಪರಿಚಿತ ಪ್ರಕಾರಗಳು, ಕಾಲದ ರೂಢಿಗಳು ಒಂದು ‘ನಿರೀಕ್ಷೆಯ ದಿಗಂತ’ವನ್ನು ನಿರ್ಮಿಸಿರುತ್ತವೆ ಎಂಬ ವಿಚಾರವನ್ನು ಜರ್ಮನಿಯ ಹಾನ್ಸ್ ರಾಬರ್ಟ್ ಯೌಸ್ 1960ರ ದಶಕದ ಕೊನೆಯಲ್ಲಿ ಮಂಡಿಸಿದರು. ಆದರೆ ಗೊತ್ತಿರುವ ಕಥೆಯನ್ನು ಮತ್ತೆ ಹೇಳುವ, ಮತ್ತೆ ಕೇಳುವ ಅನುಭವವನ್ನು ಅರಿಯಲು ಕನ್ನಡಿಗರು ಅಷ್ಟು ದೂರ ಹೋಗಬೇಕಾಗಿಲ್ಲ. ಯಕ್ಷಗಾನದ ಪ್ರೇಕ್ಷಕನಿಗೆ ಪ್ರಸಂಗದ ಅಂತ್ಯ ಮೊದಲೇ ತಿಳಿದಿರುತ್ತದೆ. ಇಂದಿನ ವೇಷಧಾರಿ ಅದೇ ಪಾತ್ರಕ್ಕೆ ಯಾವ ಅರ್ಥ ಹೇಳುತ್ತಾನೆ ಎಂಬುದಕ್ಕಾಗಿ ಅವನು ರಾತ್ರಿಯಿಡೀ ಕಾಯುತ್ತಾನೆ.

ಹತ್ತನೆಯ ಶತಮಾನದ ಪಂಪನ ಉದಾಹರಣೆ ಇನ್ನೂ ಹತ್ತಿರದ್ದು. ‘ವಿಕ್ರಮಾರ್ಜುನ ವಿಜಯ’ದಲ್ಲಿ ಅವನು ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡರಿಸಿದ. ಈ ಸಮೀಕರಣದ ಒತ್ತಡದಿಂದ ದ್ರೌಪದಿ ಅರ್ಜುನನೊಬ್ಬನ ಪತ್ನಿಯಾದಳು. ಹೀಗೆ ಕಥೆ ಹಳೆಯದಾಗಿದ್ದರೂ ನಾಯಕನ ಸ್ಥಾನದಲ್ಲಿ ಸಮಕಾಲೀನನೊಬ್ಬ ನಿಂತಾಗ ಕಥೆಯ ಒಳರಚನೆಯೇ ಬದಲಾಗುತ್ತದೆ. ತಾರೆಯನ್ನು ಕೇಂದ್ರವಾಗಿಟ್ಟುಕೊಂಡ ಮರುನಿರ್ಮಾಣಗಳಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಒಂದು ಮುಖ್ಯ ಭೇದವನ್ನು ಮಾತ್ರ ನೆನಪಿಡಬೇಕು. ಪಂಪನ ಸಹೃದಯರಿಗೆ ವ್ಯಾಸಭಾರತ ತಿಳಿದಿತ್ತು. ಆದ್ದರಿಂದ ಬದಲಾವಣೆಯೂ ಅವರ ಆಸ್ವಾದದ ಭಾಗವಾಗಿತ್ತು. ಮರುನಿರ್ಮಾಣದ ಪ್ರೇಕ್ಷಕನಿಗೆ ಬದಲಾವಣೆಯು ಬದಲಾವಣೆಯಾಗಿ ಕಾಣಿಸುವುದೇ ಇಲ್ಲ.

ಈ ಅಪರಿಚಯಕ್ಕೆ ಕರ್ನಾಟಕದಲ್ಲಿ ಒಂದು ಚಾರಿತ್ರಿಕ ಕಾರಣವೂ ಇದೆ. 1960ರ ದಶಕದಿಂದ ಅನ್ಯಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ ಉದ್ಯಮವು ವಿರೋಧ ತೋರುತ್ತ ಬಂದಿತು. ತಮಿಳು, ತೆಲುಗು, ಹಿಂದಿ ಚಿತ್ರಗಳು ತಮ್ಮ ತಮ್ಮ ಭಾಷೆಯಲ್ಲೇ ಇಲ್ಲಿ ಪ್ರದರ್ಶನ ಕಂಡವು. ಆದರೆ ಅನ್ಯಭಾಷೆಯ ಕಥೆಯೊಂದು ಕನ್ನಡ ಮಾತಿನಲ್ಲಿ ಚಿತ್ರಮಂದಿರಕ್ಕೆ ಬರಲು ಮರುನಿರ್ಮಾಣವೊಂದೇ ದಾರಿಯಾಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ಅನ್ನು ತಡೆಯುವ ಸಂಘಟಿತ ಕ್ರಮಗಳು ಸ್ಪರ್ಧೆಗೆ ವಿರುದ್ಧವಾದುವೆಂದು ಆದೇಶಿಸುವವರೆಗೂ ಈ ಸ್ಥಿತಿ ಮುಂದುವರಿಯಿತು. ‘ಆಪ್ತಮಿತ್ರ’ವು ಈ ವ್ಯವಸ್ಥೆಯೊಳಗೆ ರೂಪುಗೊಂಡ ಚಿತ್ರ.

ಶೀರ್ಷಿಕೆಯೆಂಬ ಒಪ್ಪಂದ

ಚಿತ್ರದ ಹೆಸರು ಪ್ರೇಕ್ಷಕನೊಡನೆ ಮಾಡಿಕೊಳ್ಳುವ ಮೊದಲ ಒಪ್ಪಂದ. ಒಂದೇ ಕಥೆಗೆ ನಾಲ್ಕು ಭಾಷೆಗಳು ಇಟ್ಟ ಹೆಸರುಗಳನ್ನು ಹೋಲಿಸಿದರೆ ನಿರೀಕ್ಷೆಯ ನೆಲೆ ಹೇಗೆ ಸ್ಥಳಾಂತರಗೊಂಡಿತೆಂಬುದು ಸ್ಪಷ್ಟವಾಗುತ್ತದೆ. ಮಲಯಾಳಂನ ಶೀರ್ಷಿಕೆ ಒಂದು ವಸ್ತುವನ್ನು, ಅಂದರೆ ಚಿತ್ತಾರದ ಬೀಗವನ್ನು ಹೆಸರಿಸುತ್ತದೆ. ತಮಿಳಿನ ‘ಚಂದ್ರಮುಖಿ’ (2005) ಕಥೆಯೊಳಗಿನ ನರ್ತಕಿಯನ್ನು ಹೆಸರಿಸುತ್ತದೆ. ಪ್ರಿಯದರ್ಶನ್ ನಿರ್ದೇಶಿಸಿದ ಹಿಂದಿಯ ‘ಭೂಲ್ ಭುಲಯ್ಯಾ’ (2007) ದಾರಿತಪ್ಪಿಸುವ ಜಟಿಲ ಕಟ್ಟಡವನ್ನು ಸೂಚಿಸುತ್ತದೆ. ಕನ್ನಡದ ಶೀರ್ಷಿಕೆ ಮಾತ್ರ ಗುಣಪಡಿಸುವವನನ್ನು ಹೆಸರಿಸುತ್ತದೆ: ಆಪ್ತಮಿತ್ರ.

ಈ ಆಯ್ಕೆ ಆಕಸ್ಮಿಕವಲ್ಲ. ಮಲಯಾಳಂ ಚಿತ್ರದಲ್ಲಿ ಮೋಹನ್‌ಲಾಲ್ ಅಭಿನಯಿಸಿದ ಮನೋವೈದ್ಯ ಸನ್ನಿಯ ಪ್ರವೇಶವಾಗುವುದು ಕಥೆ ಬಹಳಷ್ಟು ಸಾಗಿದ ಮೇಲೆ. ಅಷ್ಟರಲ್ಲಿ ಮಧು ಮುಟ್ಟಂ ಅವರ ಚಿತ್ರಕಥೆಯು ಮನೆತನ, ಅದರ ಹಿರಿಯರು, ಮುಚ್ಚಿದ ಕೋಣೆ, ಗಂಗೆಯ ಕುತೂಹಲ ಇವೆಲ್ಲವನ್ನೂ ಪ್ರತಿಷ್ಠಾಪಿಸಿರುತ್ತದೆ. ಚಿತ್ರದ ಕೇಂದ್ರ ಗಂಗೆಯೇ. ಆ ಪಾತ್ರಕ್ಕಾಗಿ ಶೋಭನಾ ಅವರಿಗೆ ಅತ್ಯುತ್ತಮ ನಟಿಯ ರಾಷ್ಟ್ರಪ್ರಶಸ್ತಿ ದೊರೆತದ್ದು ಇದಕ್ಕೆ ಪೂರಕವಾಗಿದೆ. ಕನ್ನಡದಲ್ಲಿ ಗಂಗೆಯ ಪಾತ್ರ (ಸೌಂದರ್ಯ) ತನ್ನ ತೂಕವನ್ನು ಕಳೆದುಕೊಂಡಿಲ್ಲ. ಆದರೆ ಕಥೆಯನ್ನು ಹೊರುವ ಹೆಗಲು ಡಾ. ವಿಜಯ್ ಪಾತ್ರದ ವಿಷ್ಣುವರ್ಧನ್ ಅವರದಾಯಿತು.

2004ರ ಪ್ರೇಕ್ಷಕರು ವಿಷ್ಣುವರ್ಧನರಿಂದ ನಿರೀಕ್ಷಿಸುತ್ತಿದ್ದುದೇನು? 1972ರ ‘ನಾಗರಹಾವು’ ಚಿತ್ರದ ರಾಮಾಚಾರಿಯ ಕಡುಕೋಪ ಅಷ್ಟರಲ್ಲಿ ಮಾಗಿ, ‘ಯಜಮಾನ’ (2000), ‘ಸಿಂಹಾದ್ರಿಯ ಸಿಂಹ’ (2002) ಚಿತ್ರಗಳ ಮೂಲಕ ಅವರು ಮನೆಯನ್ನು, ಊರನ್ನು ಕಾಯುವ ಹಿರಿಯನ ಬಿಂಬವಾಗಿ ನೆಲೆಗೊಂಡಿದ್ದರು. ಈ ಎರಡೂ ಚಿತ್ರಗಳು ತಮಿಳಿನಿಂದ ಬಂದ ಮರುನಿರ್ಮಾಣಗಳೆಂಬುದು ಗಮನಾರ್ಹ. ಹೊರಗಿನಿಂದ ಬಂದ ಕಥೆಗಳೇ ಕನ್ನಡದ ತಾರೆಯೊಬ್ಬನ ಬಿಂಬವನ್ನು ಕಟ್ಟಿದವು. ಹಾಗೆ ಕಟ್ಟಿದ ಬಿಂಬವು ಮುಂದಿನ ಹೊರಗಿನ ಕಥೆಯನ್ನು ತನ್ನ ಅಳತೆಗೆ ಒಗ್ಗಿಸಿಕೊಂಡಿತು. ಇದರ ಜೊತೆಗೆ, ‘ಕಳ್ಳ ಕುಳ್ಳ’ (1975) ಚಿತ್ರದ ಕಾಲದಿಂದ ಜನಪ್ರಿಯವಾಗಿದ್ದ ವಿಷ್ಣುವರ್ಧನ್–ದ್ವಾರಕೀಶ್ ಜೋಡಿಯು ಕೆಲಕಾಲದ ಅಂತರದ ಬಳಿಕ ಒಂದಾದ ಚಿತ್ರವಿದು, ನಿರ್ಮಾಪಕರು ದ್ವಾರಕೀಶರೇ. ಶೀರ್ಷಿಕೆಯಲ್ಲಿನ ‘ಮಿತ್ರ’ ಪದವನ್ನು ಕನ್ನಡದ ಪ್ರೇಕ್ಷಕರು ತೆರೆಯ ಮೇಲಿನ ಕಥೆಗೂ ತೆರೆಯ ಹಿಂದಿನ ಕಥೆಗೂ ಅನ್ವಯಿಸಿಕೊಳ್ಳಬಹುದಾಗಿತ್ತು. ಇಂತಹ ಅರ್ಥವನ್ನು ಯಾವ ಮೂಲಚಿತ್ರವೂ ಒದಗಿಸಲಾರದು; ಹಾಗೆಯೇ ಯಾವ ತೌಲನಿಕ ಪಟ್ಟಿಯೂ ಇದನ್ನು ಹಿಡಿಯಲಾರದು.

ನೆರೆಭಾಷೆಯ ನಾಗವಲ್ಲಿ

ಈ ಕಥಾಮೂಲದ ಅತ್ಯಂತ ಸೂಕ್ಷ್ಮವಾದ ಅಂಶ ಭಾಷೆಗೆ ಸಂಬಂಧಿಸಿದುದು. ಗಂಗೆಯ ಮನಸ್ಸನ್ನು ಆಕ್ರಮಿಸುವ ನರ್ತಕಿ ಬೇರೊಂದು ಭಾಷೆಯವಳು. ಗೃಹಿಣಿಯ ಬಾಯಿಂದ ಒಮ್ಮೆಲೇ ಪರಭಾಷೆ ಹೊರಟಾಗ ಅವಳು ಅವಳಾಗಿ ಉಳಿದಿಲ್ಲವೆಂಬುದು ಯಾವ ವಿವರಣೆಯೂ ಇಲ್ಲದೆ ತಿಳಿಯುತ್ತದೆ. ಮಲಯಾಳಂನಲ್ಲಿ ನಾಗವಲ್ಲಿ ತಂಜಾವೂರಿನವಳು, ಅವಳ ನುಡಿ ತಮಿಳು. ಕನ್ನಡದ ನಾಗವಲ್ಲಿಯದೂ ತಮಿಳಿನ ಚಂದ್ರಮುಖಿಯದೂ ತೆಲುಗು. ಹಿಂದಿಯ ಮಂಜುಲಿಕಾಳದು ಬಂಗಾಳಿ.

ಇಲ್ಲಿ ಪ್ರತಿಯೊಂದು ಮರುನಿರ್ಮಾಣವೂ ತನ್ನ ನೆಲದಲ್ಲಿ ‘ಪರಿಚಿತ ಪರಭಾಷೆ’ ಯಾವುದೆಂಬ ಪ್ರಶ್ನೆಗೆ ಉತ್ತರ ಹುಡುಕಿದೆ. ಆ ಭಾಷೆ ತೀರ ಅಪರಿಚಿತವಾಗಿದ್ದರೆ ಮಾತಿನ ಸಂಕಟ ಪ್ರೇಕ್ಷಕನನ್ನು ತಟ್ಟುವುದಿಲ್ಲ. ತೀರ ಹತ್ತಿರವಾಗಿದ್ದರೆ ಭಯ ಹುಟ್ಟುವುದಿಲ್ಲ. ಕನ್ನಡ ಪ್ರೇಕ್ಷಕರಿಗೆ ತೆಲುಗು ಈ ಅಂತರವನ್ನು ಸರಿಯಾಗಿ ಒದಗಿಸಿತು. ಕರ್ನಾಟಕ ಸಂಗೀತದ ಕೃತಿಗಳು, ನೃತ್ಯದ ಪದ ಮತ್ತು ಜಾವಳಿಗಳು ಬಹುಪಾಲು ತೆಲುಗಿನಲ್ಲಿರುವುದರಿಂದ, ಮೈಸೂರು ಆಸ್ಥಾನದ ವಿದ್ವಾಂಸರೂ ಆ ಭಾಷೆಯಲ್ಲಿ ರಚನೆ ಮಾಡಿದವರಾದ್ದರಿಂದ, ಅರಮನೆಯ ನರ್ತಕಿ ತೆಲುಗಿನಲ್ಲಿ ಹಾಡುವುದು ಇಲ್ಲಿನ ಕಿವಿಗೆ ಸಹಜ. ಗುರುಕಿರಣ್ ಸಂಗೀತದಲ್ಲಿ ನರ್ತಕಿಯ ಗೀತೆ ಅಷ್ಟು ವ್ಯಾಪಕವಾಗಿ ಜನಪ್ರಿಯವಾದುದರ ಹಿಂದೆ ಈ ಸಾಂಸ್ಕೃತಿಕ ಸಿದ್ಧತೆಯೂ ಇದೆ.

ನಟಿಯ ಆಯ್ಕೆ ಈ ಸಿದ್ಧತೆಯನ್ನು ಇನ್ನಷ್ಟು ಬಲಪಡಿಸಿತು. ಸೌಂದರ್ಯ ಕೋಲಾರ ಜಿಲ್ಲೆಯ ಮುಳಬಾಗಿಲಿನ ನೆಲದವರು. ತೆಲುಗು ಚಿತ್ರರಂಗದ ಅಗ್ರತಾರೆಯಾಗಿ ಬೆಳೆದವರು. ಕನ್ನಡದ ಗಂಗೆ ತೆಲುಗಿನ ನಾಗವಲ್ಲಿಯಾಗಿ ಮಾರ್ಪಡುವ ಘಳಿಗೆಯಲ್ಲಿ ನಟಿಯ ವೃತ್ತಿಜೀವನದ ಎರಡು ಮುಖಗಳೂ ಪ್ರೇಕ್ಷಕರ ಎದುರು ನಿಂತಂತಾಯಿತು. ಮೂಲದಲ್ಲಿ ಶೋಭನಾ ಸಾಧಿಸಿದುದನ್ನು ಅನುಕರಿಸಿ ಇಂತಹ ಪರಿಣಾಮ ಪಡೆಯುವುದು ಸಾಧ್ಯವಿರಲಿಲ್ಲ.

ಕಳೆದುಕೊಂಡುದೂ ಇದೆ. ಮಲಯಾಳಂನ ನಕುಲನ್ ಮರಳುವುದು ತನ್ನ ಪೂರ್ವಜರ ಮನೆಗೆ. ನಾಗವಲ್ಲಿಗೆ ಅನ್ಯಾಯ ಮಾಡಿದವನು ಅದೇ ಕುಟುಂಬದ ಹಿಂದಿನ ಯಜಮಾನ. ಆದ್ದರಿಂದ ಬೀಗ ಹಾಕಿದ ಕೋಣೆಯಲ್ಲಿರುವುದು ಮನೆತನದ ಪಾಪ. ಅಜ್ಜಿಯ ಆಶ್ರಯದಲ್ಲಿ ಒಂಟಿ ಬಾಲ್ಯ ಕಳೆದ ಗಂಗೆಯ ನೋವು ಆ ಪಾಪದ ಕಥೆಯೊಡನೆ ಬೆಸೆದುಕೊಳ್ಳುತ್ತದೆ. ಕನ್ನಡದಲ್ಲಿ ರಮೇಶ್–ಗಂಗಾ ದಂಪತಿಗಳು ಹಳೆಯ ಅರಮನೆಯೊಂದನ್ನು ಕೊಂಡು ಬರುತ್ತಾರೆ. ಅರಸನ ಅಪರಾಧಕ್ಕೂ ಅವರಿಗೂ ರಕ್ತಸಂಬಂಧವಿಲ್ಲ. ಭಯ ಉಳಿಯಿತು, ಹೊಣೆ ಕಳಚಿತು. ಮೂಲವನ್ನು ಅರಿಯದ ಪ್ರೇಕ್ಷಕರಿಗೆ ಇದು ಕೊರತೆಯಾಗಿ ತೋರಲಿಲ್ಲವೆಂಬುದು ನಿಜ; ಆದರೆ ಕೊರತೆ ಇಲ್ಲವೆಂದು ಅದರಿಂದ ಸಿದ್ಧವಾಗುವುದಿಲ್ಲ. ಪ್ರೇಕ್ಷಕರ ತೃಪ್ತಿಯೊಂದನ್ನೇ ಮೌಲ್ಯಮಾಪನದ ಮಾನದಂಡವಾಗಿ ಸ್ವೀಕರಿಸಲಾಗದು ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಒಬ್ಬನೇ ನಿರ್ದೇಶಕ, ಒಂದೇ ಕಥೆ ಎಂಬುದೂ ಮರುನಿರ್ಮಾಣಕ್ಕೆ ಭರವಸೆ ನೀಡುವುದಿಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿದ ‘ನಾಗರಹಾವು’ ಚಿತ್ರವನ್ನು ಪುಟ್ಟಣ್ಣ ಕಣಗಾಲರೇ ‘ಜಹರೀಲಾ ಇನ್ಸಾನ್’ (1974) ಎಂಬ ಹೆಸರಿನಲ್ಲಿ ಹಿಂದಿಯಲ್ಲಿ ನಿರ್ದೇಶಿಸಿದರು. ಮೂಲಕ್ಕೆ ದೊರೆತ ಮನ್ನಣೆ ಅದಕ್ಕೆ ದೊರೆಯಲಿಲ್ಲ. ಚಿತ್ರದುರ್ಗದ ಕಲ್ಲುಕೋಟೆಯೂ ಓಬವ್ವನ ಸ್ಮೃತಿಯೂ ಕನ್ನಡದ ಪ್ರೇಕ್ಷಕರಲ್ಲಿ ಎಬ್ಬಿಸುವ ಭಾವಕ್ಕೆ ಹಿಂದಿಯಲ್ಲಿ ಸಮಾನವಾದುದನ್ನು ಕಂಡುಕೊಳ್ಳುವುದು ಸುಲಭವಿರಲಿಲ್ಲ. ಕಥೆ ಗಡಿ ದಾಟಬಲ್ಲದು. ಅದರ ಸುತ್ತಲಿನ ನೆನಪನ್ನು ಹೊಸ ನೆಲದಲ್ಲಿ ಮತ್ತೆ ಬೆಳೆಸಬೇಕಾಗುತ್ತದೆ.

ಬೀಗದಿಂದ ಚಿತ್ರಪಟಕ್ಕೆ: ಉತ್ತರಭಾಗದ ಸಮಸ್ಯೆ

‘ಆಪ್ತಮಿತ್ರ’ದ ಕಥೆ ಮುಗಿದ ಕಥೆ. ಗಂಗೆಯನ್ನು ಗುಣಪಡಿಸುವ ವಿಧಾನವೇ ಅದಕ್ಕೆ ಸಾಕ್ಷಿ. ಅರಸನ ಮೇಲೆ ಸೇಡು ತೀರಿತೆಂಬ ಭ್ರಮೆಯನ್ನು ವೈದ್ಯನು ರಂಗದ ಮೇಲಿನ ಆಟದಂತೆ ಏರ್ಪಡಿಸುತ್ತಾನೆ. ಮಾಂತ್ರಿಕ ವಿಧಿಗಳನ್ನು ಬಲ್ಲ ಆಚಾರ್ಯನ (ಅವಿನಾಶ್) ನೆರವನ್ನೂ ಪಡೆಯುತ್ತಾನೆ. ಆ ಆಟದ ಏಕೈಕ ಪ್ರೇಕ್ಷಕಿ ಗಂಗೆ. ಅವಳ ಒಳಗಿನ ನಿರೀಕ್ಷೆಯನ್ನು ಈಡೇರಿಸಿ, ಆ ಮೂಲಕವೇ ಅವಳನ್ನು ಅದರಿಂದ ಬಿಡಿಸುವುದು ಚಿಕಿತ್ಸೆಯ ತಿರುಳು. ನಿರೀಕ್ಷೆಯನ್ನು ಕಲೆ ಹೇಗೆ ನಿರ್ವಹಿಸಬೇಕೆಂಬುದಕ್ಕೆ ಚಿತ್ರವೇ ತನ್ನೊಳಗೆ ಒಂದು ಸೂತ್ರವನ್ನು ಇಟ್ಟುಕೊಂಡಂತಿದೆ. ದೆವ್ವವೆಂದು ತೋರಿದುದು ಮನೋವ್ಯಾಧಿಯೆಂದು ತಿಳಿದು ಪ್ರೇಕ್ಷಕನೂ ಬಿಡುಗಡೆ ಹೊಂದುತ್ತಾನೆ.

ಮುಗಿದ ಕಥೆಯನ್ನು ಮುಂದುವರಿಸಲು ‘ಆಪ್ತರಕ್ಷಕ’ವು ಕಂಡುಕೊಂಡ ಉಪಾಯ ನಾಗವಲ್ಲಿಯ ಚಿತ್ರಪಟ. ನೃತ್ಯಸ್ಪರ್ಧೆಯ ಬಹುಮಾನವಾಗಿ ಅದು ಬೇರೊಂದು ಕುಟುಂಬದ ಮನೆಗೆ ಬರುತ್ತದೆ. ಬಂದಲ್ಲೆಲ್ಲ ಅನಾಹುತವನ್ನು ತರುತ್ತದೆ. ಮೊದಲ ಕಥೆಯ ಭಯ ಒಂದು ಬೀಗಕ್ಕೆ, ಒಂದು ಕೋಣೆಗೆ, ಒಂದು ಸ್ಥಳಕ್ಕೆ ಕಟ್ಟುಬಿದ್ದಿತ್ತು. ಚಿತ್ರಪಟದ ಭಯ ಎಲ್ಲಿಗೆ ಬೇಕಾದರೂ ಸಾಗಬಲ್ಲದು. ಉತ್ತರಭಾಗದ ಸ್ವಭಾವಕ್ಕೆ ಇದು ತಕ್ಕ ರೂಪಕವೂ ಹೌದು: ಕಥೆಯ ನೆಲವನ್ನು ಬಿಟ್ಟು ಬಿಂಬವನ್ನಷ್ಟೇ ಹೊತ್ತು ಮುಂದಿನ ಮನೆಗೆ ಹೋಗುವುದು.

ಇದಕ್ಕಿಂತ ಗಂಭೀರವಾದ ಬದಲಾವಣೆ ವಿಚಾರದ ನೆಲೆಯಲ್ಲಿ ನಡೆದಿದೆ. ಮೊದಲ ಚಿತ್ರದಲ್ಲಿ ವೈದ್ಯನೂ ಆಚಾರ್ಯನೂ ಜೊತೆಗೂಡಿದರೂ ಕೊನೆಯ ಮಾತು ವೈದ್ಯನದಾಗಿತ್ತು. ‘ಆಪ್ತರಕ್ಷಕ’ದಲ್ಲಿಯೂ ಡಾ. ವಿಜಯ್ ಇದ್ದಾನೆ, ಆಚಾರ್ಯನೂ ಇದ್ದಾನೆ, ಪೀಡಿತಳಾದ ಹೆಣ್ಣೂ ಇದ್ದಾಳೆ. ಆದರೆ ಶತಮಾನಕ್ಕೂ ಹಿಂದಿನ ಅರಸ ವಿಜಯರಾಜೇಂದ್ರ ಬಹದ್ದೂರ್ ಇನ್ನೂ ಜೀವಂತನೆಂಬ ಕಲ್ಪನೆ ಕಥೆಯೊಳಗೆ ಸೇರಿದ ಮೇಲೆ ಮನೋವೈದ್ಯದ ವಿವರಣೆ ಹಿಂದೆ ಸರಿಯುತ್ತದೆ. ವೈದ್ಯ ಮತ್ತು ಅರಸ ಎರಡೂ ಪಾತ್ರಗಳಲ್ಲಿ ವಿಷ್ಣುವರ್ಧನರೇ ಕಾಣಿಸಿಕೊಳ್ಳುವುದರಿಂದ ಭಯಹುಟ್ಟಿಸುವವನೂ ಅದನ್ನು ಹೋಗಲಾಡಿಸುವವನೂ ಒಬ್ಬನೇ ನಟನೆಂಬ ಸೊಗಸು ಉಂಟಾಯಿತು. ಆದರೆ ಮನೋವ್ಯಾಧಿಯನ್ನು ವ್ಯಾಧಿಯೆಂದೇ ಗುರುತಿಸುವ ಮೊದಲ ಚಿತ್ರದ ವಿವೇಕ ಮಸುಕಾಯಿತು. ‘ಮಿತ್ರ’ ಎಂಬುದು ‘ರಕ್ಷಕ’ ಎಂದಾದ ಶೀರ್ಷಿಕೆಯಲ್ಲೇ ಈ ಪಲ್ಲಟ ಅಡಗಿದೆ. ಮಿತ್ರನು ರೋಗಿಯ ಮಾತು ಕೇಳುತ್ತಾನೆ, ರಕ್ಷಕನು ಶತ್ರುವನ್ನು ಎದುರಿಸುತ್ತಾನೆ.

ಇದನ್ನು ನಿರ್ದೇಶಕರ ಅವಿವೇಕವೆಂದು ತಳ್ಳಿಹಾಕುವುದು ಸರಿಯಾಗದು. ಆರು ವರ್ಷಗಳ ಕಾಲ ಜನರ ನೆನಪಿನಲ್ಲಿ ಉಳಿದುದು ನಾಗವಲ್ಲಿಯ ಕಣ್ಣು, ಗೆಜ್ಜೆ, ಹಾಡು ಮತ್ತು ವಿಷ್ಣುವರ್ಧನರ ನಿಲುವು, ವೈದ್ಯಕೀಯ ವಿವರಣೆಯಲ್ಲ. ಉತ್ತರಭಾಗವು ಆ ನೆನಪನ್ನು ಪ್ರಾಮಾಣಿಕವಾಗಿಯೇ ಓದಿಕೊಂಡಿತು. ಪ್ರೇಕ್ಷಕರು ಉಳಿಸಿಕೊಂಡುದನ್ನೇ ಮರಳಿ ಕೊಟ್ಟಿತು. ಅವರು ಮರೆತುದನ್ನು ತಾನೂ ಮರೆಯಿತು. ಇದೇ ಕಥಾಮೂಲದ ಬೇರೆ ಮುಂದುವರಿಕೆಗಳೂ ಈ ಸಂಗತಿಯನ್ನು ಸಮರ್ಥಿಸುತ್ತವೆ. ‘ಭೂಲ್ ಭುಲಯ್ಯಾ 2’ (2022) ಚಿತ್ರದಲ್ಲಿ ದೆವ್ವ ನಿಜವಾಗಿಯೂ ದೆವ್ವವೇ. ಆ ಚಿತ್ರ ಭಾರೀ ಗಳಿಕೆಯನ್ನೂ ಕಂಡಿತು. ಮಲಯಾಳಂನಲ್ಲಿ ಪ್ರಿಯದರ್ಶನ್ ನಿರ್ದೇಶಿಸಿದ ‘ಗೀತಾಂಜಲಿ’ (2013) ನಾಗವಲ್ಲಿಯನ್ನು ಬಿಟ್ಟು ಡಾ. ಸನ್ನಿಯನ್ನು ಮಾತ್ರ ಬೇರೊಂದು ಕಥೆಗೆ ಕರೆತಂದಿತು. ಮೂಲಕ್ಕೆ ದೊರೆತ ಆದರ ಅದಕ್ಕೆ ದೊರೆಯಲಿಲ್ಲ. ಮೂಲ ‘ಮಣಿಚಿತ್ರತ್ತಾಳ್’ ಮಾತ್ರ 2024ರಲ್ಲಿ ಹೊಸ ತಂತ್ರಜ್ಞಾನದಲ್ಲಿ ಸಂಸ್ಕರಣಗೊಂಡು ಮತ್ತೆ ಚಿತ್ರಮಂದಿರಗಳಿಗೆ ಬಂದಿತು.

ಸಾವು ಮತ್ತು ಸ್ವೀಕಾರ

ಕನ್ನಡದ ಎರಡೂ ಚಿತ್ರಗಳ ಸ್ವೀಕಾರವನ್ನು ಕುರಿತು ಮಾತನಾಡುವಾಗ ಬೇರೆ ಭಾಷೆಗಳಲ್ಲಿ ಇಲ್ಲದ ಒಂದು ಸಂಗತಿಯನ್ನು ಪರಿಗಣಿಸಲೇಬೇಕು. ಸೌಂದರ್ಯ 2004ರ ಏಪ್ರಿಲ್ 17ರಂದು ಬೆಂಗಳೂರಿನ ಬಳಿ ಸಂಭವಿಸಿದ ವಿಮಾನ ಅಪಘಾತದಲ್ಲಿ ಮಡಿದರು. ‘ಆಪ್ತಮಿತ್ರ’ ತೆರೆಕಂಡುದು ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ನಿಧನರಾದರು. ‘ಆಪ್ತರಕ್ಷಕ’ ಬಿಡುಗಡೆಯಾದುದು 2010ರ ಫೆಬ್ರವರಿಯಲ್ಲಿ. ಸತ್ತವಳೊಬ್ಬಳು ಬದುಕಿರುವವಳ ಮೈಯಲ್ಲಿ ಮಾತನಾಡುವ ಕಥೆಯನ್ನು ಕನ್ನಡಿಗರು ಇನ್ನಿಲ್ಲವಾದ ನಟಿಯ ಮುಖದಲ್ಲಿ ನೋಡಿದರು. ಆರು ವರ್ಷಗಳ ಬಳಿಕ, ಎಲ್ಲರನ್ನೂ ಕಾಯುವ ರಕ್ಷಕನ ಕಥೆಯನ್ನು ಇನ್ನಿಲ್ಲವಾದ ನಟನ ಮುಖದಲ್ಲಿ ನೋಡಿದರು.

ಆದ್ದರಿಂದ ‘ಆಪ್ತರಕ್ಷಕ’ಕ್ಕೆ ನೆರೆದ ಜನಸಾಗರವನ್ನು ಉತ್ತರಭಾಗದ ಕಲಾತ್ಮಕ ಸಫಲತೆಗೆ ಅಳತೆಗೋಲಾಗಿ ಬಳಸಲಾಗದು. ಅಲ್ಲಿಗೆ ಬಂದವರಲ್ಲಿ ಅನೇಕರಿಗೆ ಅದು ಅಂತಿಮ ದರ್ಶನವೂ ಆಗಿತ್ತು. 2009–10ರ ಸಾಲಿನ ರಾಜ್ಯ ಪ್ರಶಸ್ತಿಗಳಲ್ಲಿ ವಿಷ್ಣುವರ್ಧನರಿಗೆ ಈ ಚಿತ್ರಕ್ಕಾಗಿ ಮರಣೋತ್ತರವಾಗಿ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಗಳಿಕೆಯ ಅಂಕಿಗಳನ್ನು ಪ್ರೇಕ್ಷಕರ ನಿರೀಕ್ಷೆಯ ನೇರ ಪ್ರತಿಬಿಂಬವೆಂದು ಭಾವಿಸುವ ಸಂಶೋಧಕರು ಈ ಪ್ರಸಂಗವನ್ನು ಎಚ್ಚರಿಕೆಯಾಗಿ ಸ್ವೀಕರಿಸಬೇಕು. ಟಿಕೆಟು ಕೊಂಡವನು ಕಥೆಗಾಗಿ ಬಂದನೋ ಕೃತಜ್ಞತೆಗಾಗಿ ಬಂದನೋ ಎಂಬುದನ್ನು ಅಂಕಿಗಳು ಹೇಳುವುದಿಲ್ಲ.

ಉಪಸಂಹಾರ

‘ಮಣಿಚಿತ್ರತ್ತಾಳ್’ ಕನ್ನಡಕ್ಕೆ ಬರಲು ಹನ್ನೊಂದು ವರ್ಷಗಳು ಬೇಕಾದವು. ಆ ಅವಧಿಯ ಅಪರಿಚಯವೇ ‘ಆಪ್ತಮಿತ್ರ’ಕ್ಕೆ ತನ್ನದೇ ಲೋಕ ಕಟ್ಟಿಕೊಳ್ಳುವ ಅವಕಾಶ ನೀಡಿತು. ಪಿ. ವಾಸು ಅವರೇ ಮಲಯಾಳಂನಿಂದ ತಂದ ‘ದೃಶ್ಯ’ (2014) ಮೂಲದ ಮರುವರ್ಷವೇ ಬಂದಿತು. ಅದರ ಮುಂದುವರಿಕೆಯ ಹೊತ್ತಿಗೆ ಪರಿಸ್ಥಿತಿ ಪೂರ್ತಿ ಬದಲಾಗಿತ್ತು. ಮಲಯಾಳಂ ‘ದೃಶ್ಯಂ 2’ 2021ರ ಫೆಬ್ರವರಿಯಲ್ಲಿ ಓಟಿಟಿ ವೇದಿಕೆಯ ಮೂಲಕ ಉಪಶೀರ್ಷಿಕೆಗಳೊಡನೆ ಮನೆಮನೆಗೆ ತಲುಪಿತು. ಕನ್ನಡದ ‘ದೃಶ್ಯ 2’ ಚಿತ್ರಮಂದಿರಕ್ಕೆ ಬಂದುದು ಡಿಸೆಂಬರಿನಲ್ಲಿ. ಅದು ಮರುನಿರ್ಮಾಣವೂ ಹೌದು, ಉತ್ತರಭಾಗವೂ ಹೌದು. ಅದರ ಪ್ರೇಕ್ಷಕರಲ್ಲಿ ಒಂದು ಪಾಲು ಹಿಂದಿನ ಕನ್ನಡ ಚಿತ್ರವನ್ನೂ ಮುಂದಿನ ಮಲಯಾಳಂ ಚಿತ್ರವನ್ನೂ ನೋಡಿದವರೇ ಆಗಿರಲು ಸಾಧ್ಯವಿತ್ತು. ಇನ್ನೊಂದು ದಿಕ್ಕಿನಿಂದ, ‘ಕೆ.ಜಿ.ಎಫ್’ ಚಿತ್ರದ ಎರಡು ಅಧ್ಯಾಯಗಳು (2018, 2022) ಡಬ್ಬಿಂಗ್ ಮೂಲಕವೇ ಹಲವು ಭಾಷೆಗಳ ಪ್ರೇಕ್ಷಕರನ್ನು ತಲುಪಿದವು.

ಅಪರಿಚಯವೆಂಬ ಆಸರೆ ಕಳಚಿದ ಮೇಲೆ ಮರುನಿರ್ಮಾಣದ ಪ್ರೇಕ್ಷಕನು ಪಂಪನ ಸಹೃದಯನ ಸ್ಥಾನಕ್ಕೆ ಬಂದಿದ್ದಾನೆ. ಅವನಿಗೆ ಮೂಲ ತಿಳಿದಿದೆ. ಕಥೆಯನ್ನು ಕನ್ನಡದಲ್ಲಿ ಒದಗಿಸಿದೆವೆಂಬ ಸಮರ್ಥನೆ ಅವನಿಗೆ ಸಾಲದು. ಕನ್ನಡದಲ್ಲಿ ಅದಕ್ಕೆ ಯಾವ ಹೊಸ ಅರ್ಥ ಹೇಳಿದಿರಿ ಎಂದು ಅವನು ಕೇಳಬಲ್ಲ. ತೆಲುಗು ನುಡಿಯುವ ನಾಗವಲ್ಲಿಯನ್ನು ಸೃಷ್ಟಿಸಿದಾಗ ‘ಆಪ್ತಮಿತ್ರ’ವು ಅಂತಹ ಒಂದು ಅರ್ಥವನ್ನು ಹೇಳಿತ್ತು. ಮನೆತನದ ಹೊಣೆಯನ್ನು ಕೈಬಿಟ್ಟಾಗ ಒಂದನ್ನು ಕಳೆದುಕೊಂಡಿತ್ತು. ‘ಆಪ್ತರಕ್ಷಕ’ವು ಪ್ರೇಕ್ಷಕರ ನೆನಪಿಗೆ ನಿಷ್ಠವಾಗಿ, ಆ ನೆನಪನ್ನು ಹುಟ್ಟಿಸಿದ ವಿಚಾರಕ್ಕೆ ಎರವಾಯಿತು. ಮರುನಿರ್ಮಾಣ ಮತ್ತು ಉತ್ತರಭಾಗಗಳ ಅಧ್ಯಯನವು ನಿರೀಕ್ಷೆ ಈಡೇರಿತೇ ಎಂಬ ಪ್ರಶ್ನೆಯಲ್ಲಿಯೇ ನಿಲ್ಲದೆ, ಈಡೇರಿದ ನಿರೀಕ್ಷೆ ಪ್ರೇಕ್ಷಕನನ್ನು ಬಿಡುಗಡೆಗೊಳಿಸಿತೋ ಅಥವಾ ಅದೇ ಕೋಣೆಯಲ್ಲಿ ಮತ್ತೆ ಕೂಡಿಹಾಕಿತೋ ಎಂಬುದನ್ನೂ ವಿಚಾರಿಸಬೇಕಾಗಿದೆ.